ಡಬ್ಬಿಯ ಹಣ್ಣು: ಕ್ಯಾಲರಿಯ ಲೆಕ್ಕ ಹೇಗೆ? ಪೋಷಣೆಯ ತೂಕ ಎಷ್ಟು?

ಧಾರವಾಡ: ಆಪೂಸ್ ಮಾವಿನ ಸುಗ್ಗಿ ಬೇಸಿಗೆಯ ಎರಡು–ಮೂರು ತಿಂಗಳುಗಳಿಗೆ ಮಾತ್ರ ಸೀಮಿತ. ಮುಂಗಾರು ಹಿಡಿದ ಮೇಲೆ ಸಂತೆಯಲ್ಲಿ ಒಳ್ಳೆಯ ಹಣ್ಣು ಸಿಗುವುದು ದುರ್ಲಭ. ಆದರೆ ಪೂರಿಯ ಜೊತೆಗೆ ಶೀಕರಣೆ ಬೇಕೆನ್ನುವ ನಾಲಿಗೆಗೆ ಋತುವಿನ ಹಂಗಿಲ್ಲ. ದೀಪಾವಳಿಗೂ ಮದುವೆಯ ಊಟಕ್ಕೂ ಇಂದು ಶೀಕರಣೆ ಸಿದ್ಧವಾಗುತ್ತಿದ್ದರೆ ಅದಕ್ಕೆ ಕಾರಣ ತಗಡಿನ ಡಬ್ಬಿಯಲ್ಲಿ ಬರುವ ಮಾವಿನ ತಿರುಳು. ಅದೇ ರೀತಿ ಅನಾನಸ್ ಹೋಳು, ಪೀಚ್, ಚೆರ್ರಿ, ಮಿಶ್ರ ಹಣ್ಣುಗಳ ಡಬ್ಬಿಗಳು ಅವಳಿ ನಗರದ ಕಿರಾಣಿ ಅಂಗಡಿಗಳಿಂದ ಸೂಪರ್ ಮಾರ್ಕೆಟ್‌ಗಳವರೆಗೆ ಎಲ್ಲೆಡೆ ದೊರೆಯುತ್ತಿವೆ.

‘ಹಣ್ಣು ತಾನೇ, ಎಷ್ಟು ತಿಂದರೂ ಒಳ್ಳೆಯದು’ ಎಂಬ ನಂಬಿಕೆ ಒಂದು ಕಡೆ. ‘ಡಬ್ಬಿಯದ್ದೆಲ್ಲ ವಿಷ’ ಎಂಬ ಭಯ ಇನ್ನೊಂದು ಕಡೆ. ಇವೆರಡೂ ಸತ್ಯಕ್ಕೆ ದೂರ. ಡಬ್ಬಿಯ ಹಣ್ಣು ದೇಹಕ್ಕೆ ಎಷ್ಟು ಕ್ಯಾಲರಿ ಕೊಡುತ್ತದೆ ಎಂಬುದು ಹಣ್ಣಿನ ಹೆಸರಿಗಿಂತ ಹೆಚ್ಚಾಗಿ ಅದು ಮುಳುಗಿರುವ ದ್ರವವನ್ನು, ಬಟ್ಟಲಿಗೆ ಬೀಳುವ ಪ್ರಮಾಣವನ್ನು ಅವಲಂಬಿಸಿದೆ. ಇವೆರಡನ್ನೂ ತಿಳಿಯಲು ಬೇಕಾದ ಮಾಹಿತಿ ಡಬ್ಬಿಯ ಮೇಲೆಯೇ ಮುದ್ರಿತವಾಗಿರುತ್ತದೆ. ಅದನ್ನು ಓದುವ ಕ್ರಮ ತಿಳಿದಿರಬೇಕು, ಅಷ್ಟೆ.

ಮಾವಿನ ನೆರಳಿನ ಕೈಗಾರಿಕಾ ಪ್ರದೇಶ

ಧಾರವಾಡದಿಂದ ಬೆಳಗಾವಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲಿದೆ ಬೇಲೂರು ಕೈಗಾರಿಕಾ ಪ್ರದೇಶ. ಹೊಯ್ಸಳ ದೇಗುಲದ ಹಾಸನ ಜಿಲ್ಲೆಯ ಬೇಲೂರಿಗೂ ಇದಕ್ಕೂ ಸಂಬಂಧವಿಲ್ಲ. ಇದು ಧಾರವಾಡ ತಾಲ್ಲೂಕಿನ ಬೇಲೂರು. ಬಸ್ಸು ಹಾಗೂ ಭಾರೀ ಯಂತ್ರಗಳ ತಯಾರಿಕೆಗೆ ಹೆಸರಾದ ಈ ಪ್ರದೇಶದ ಸುತ್ತಮುತ್ತ ಮುಮ್ಮಿಗಟ್ಟಿ, ಕೋಟೂರು ಗ್ರಾಮಗಳಿವೆ. ಕೆಲಗೇರಿಯಿಂದ ಮುಮ್ಮಿಗಟ್ಟಿಯವರೆಗಿನ ಈ ಭಾಗ ಆಪೂಸ್ ಮಾವಿಗೆ ಪ್ರಸಿದ್ಧ. ಹುಬ್ಬಳ್ಳಿ–ಧಾರವಾಡ ನಡುವಿನ ನವಲೂರು ಪೇರಲಕ್ಕೆ ಹೆಸರುವಾಸಿ. ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಬನವಾಸಿ ಭಾಗದಿಂದ ಅನಾನಸ್ ಬರುತ್ತದೆ. ಹೀಗೆ ತಾಜಾ ಹಣ್ಣಿನ ನಡುವೆಯೇ ಇರುವ ಊರಿನಲ್ಲೂ ಡಬ್ಬಿಯ ಹಣ್ಣಿಗೆ ಬೇಡಿಕೆ ಇದೆ. ಪಾಳಿಯಲ್ಲಿ ದುಡಿಯುವವರಿಗೆ ಹಣ್ಣು ಕೊಂಡು, ತೊಳೆದು, ಹೆಚ್ಚಿ ತಿನ್ನುವ ವ್ಯವಧಾನ ಕಡಿಮೆ. ಮುಚ್ಚಳ ತೆರೆದರೆ ಸಾಕು, ಹಣ್ಣು ಸಿದ್ಧ ಎಂಬುದೇ ಡಬ್ಬಿಯ ದೊಡ್ಡ ಅನುಕೂಲ.

ರೈತರಿಗೂ ಡಬ್ಬಿ ಮುಖ್ಯವಾದುದೇ. ದಕ್ಷಿಣ ಭಾರತದಲ್ಲಿ ಮಾವಿನ ತಿರುಳು ತಯಾರಿಸುವ ಕಾರ್ಖಾನೆಗಳು ಹೆಚ್ಚಾಗಿ ಆಂಧ್ರ ಪ್ರದೇಶದ ಚಿತ್ತೂರು ಹಾಗೂ ತಮಿಳುನಾಡಿನ ಕೃಷ್ಣಗಿರಿಯಲ್ಲಿವೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಭಾಗದ ತೋತಾಪುರಿ, ಅಂದರೆ ಗಿಣಿಮೂತಿ ಮಾವು, ಈ ಕಾರ್ಖಾನೆಗಳನ್ನೇ ನೆಚ್ಚಿದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರರಾಜ್ಯದ ತೋತಾಪುರಿ ಪ್ರವೇಶವನ್ನು ನಿರ್ಬಂಧಿಸಿದಾಗ ಕೋಲಾರದ ಬೆಳೆಗಾರರು ಕಂಗಾಲಾದರು. ನಿರ್ಬಂಧ ತೆರವುಗೊಳಿಸುವಂತೆ ಕೋರಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಆಂಧ್ರದ ಮುಖ್ಯಮಂತ್ರಿ ಎನ್. ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆಯಬೇಕಾಯಿತು. ಆದ್ದರಿಂದ ಡಬ್ಬಿಯ ಹಣ್ಣನ್ನು ಸಾರಾಸಗಟಾಗಿ ತಿರಸ್ಕರಿಸುವುದಕ್ಕಿಂತ ಅದನ್ನು ಅರಿತು ಬಳಸುವುದು ಬೆಳೆಗಾರರಿಗೂ ಗ್ರಾಹಕರಿಗೂ ಹಿತಕರ.

ಡಬ್ಬಿಯಲ್ಲಿ ಹಣ್ಣು ಕೆಡುವುದಿಲ್ಲವೇಕೆ?

ಆಹಾರವನ್ನು ಗಾಳಿಯಾಡದಂತೆ ಮುಚ್ಚಿ, ಕಾಯಿಸಿ ಕಾಪಿಡುವ ವಿಧಾನವನ್ನು ರೂಪಿಸಿದವರು ಫ್ರಾನ್ಸಿನ ನಿಕೊಲಾ ಅಪೆರ್. ಇದಕ್ಕಾಗಿ ಅವರಿಗೆ ಫ್ರೆಂಚ್ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ದೊರೆಯಿತು. 1810ರಲ್ಲಿ ಅವರು ತಮ್ಮ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದರು. ಅಪೆರ್ ಬಳಸಿದ್ದು ಗಾಜಿನ ಸೀಸೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತಗಡಿನ ಡಬ್ಬಿಗೆ ಹಕ್ಕುಪತ್ರ ಪಡೆದರು. ಸೂಕ್ಷ್ಮಜೀವಿಗಳಿಂದ ಆಹಾರ ಕೆಡುತ್ತದೆ ಎಂಬುದನ್ನು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಇದಾದ ಅರ್ಧ ಶತಮಾನದ ನಂತರ.

ಹಣ್ಣಿಗೆ ಇರುವ ಅನುಕೂಲವೆಂದರೆ ಅದರ ಹುಳಿ. ಬಹುತೇಕ ಹಣ್ಣುಗಳ ಆಮ್ಲೀಯತೆಯ ಸೂಚ್ಯಂಕ, ಅಂದರೆ ಪಿಎಚ್, 4.6ಕ್ಕಿಂತ ಕಡಿಮೆ. ಇಂತಹ ಹುಳಿಯಲ್ಲಿ ಮಾರಕ ವಿಷ ಉತ್ಪಾದಿಸುವ ಬಾಟುಲಿಸಂ ಬ್ಯಾಕ್ಟೀರಿಯಾ ಬೆಳೆಯಲಾರದು. ಹೀಗಾಗಿ ತರಕಾರಿ, ಮಾಂಸಗಳಂತೆ 121 ಡಿಗ್ರಿ ಸೆಲ್ಸಿಯಸ್‌ನ ಒತ್ತಡದ ಉಗಿಯಲ್ಲಿ ಬೇಯಿಸುವ ಅಗತ್ಯ ಹಣ್ಣಿಗಿಲ್ಲ. ಕುದಿಯುವ ನೀರಿನ ಆಸುಪಾಸಿನ ಶಾಖ ಸಾಕು. ಹುಳಿ ಕಡಿಮೆ ಇರುವ ತಿರುಳಿಗೆ ಸಿಟ್ರಿಕ್ ಆಮ್ಲ ಸೇರಿಸುವುದು ಈ ಕಾರಣಕ್ಕಾಗಿಯೇ. ಡಬ್ಬಿಯ ಹಣ್ಣು ಬಾಳಿಕೆ ಬರುವುದು ಸಕ್ಕರೆಯಿಂದ ಎಂಬ ಅಭಿಪ್ರಾಯ ವ್ಯಾಪಕವಾಗಿದೆ. ಜಾಮ್, ಮೊರಬ್ಬಗಳ ವಿಷಯದಲ್ಲಿ ಅದು ನಿಜ. ಡಬ್ಬಿಯ ಹಣ್ಣಿನಲ್ಲಾದರೋ ಸಕ್ಕರೆ ಇರುವುದು ರುಚಿ, ಬಣ್ಣ, ಹೋಳಿನ ಗಟ್ಟಿತನಕ್ಕಾಗಿ. ಸಕ್ಕರೆಯಿಲ್ಲದೆ ಬರೀ ನೀರಿನಲ್ಲಿಯೂ ಹಣ್ಣನ್ನು ಡಬ್ಬಿಯಲ್ಲಿ ಕಾಪಿಡಬಹುದು.

ಕ್ಯಾಲರಿ ಎಂದರೇನು?

ಆಹಾರದಲ್ಲಿರುವ ಶಕ್ತಿಯ ಅಳತೆಗೋಲೇ ಕ್ಯಾಲರಿ. ಮಾತಿನಲ್ಲಿ ಕ್ಯಾಲರಿ ಎನ್ನುವುದು ವಾಸ್ತವವಾಗಿ ಕಿಲೋ ಕ್ಯಾಲರಿ: ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖ. ಅಮೆರಿಕದ ರಸಾಯನ ವಿಜ್ಞಾನಿ ವಿಲ್ಬರ್ ಅಟ್‌ವಾಟರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಸರಳ ಸೂತ್ರವನ್ನು ಇಂದಿಗೂ ಬಳಸಲಾಗುತ್ತಿದೆ. ಅದರಂತೆ ಒಂದು ಗ್ರಾಂ ಶರ್ಕರಪಿಷ್ಟಕ್ಕೆ 4, ಒಂದು ಗ್ರಾಂ ಪ್ರೋಟೀನಿಗೆ 4, ಒಂದು ಗ್ರಾಂ ಕೊಬ್ಬಿಗೆ 9 ಕಿಲೋ ಕ್ಯಾಲರಿ.

ಹಣ್ಣಿನಲ್ಲಿ ಪ್ರೋಟೀನ್, ಕೊಬ್ಬು ಅತ್ಯಲ್ಪ. ಆದ್ದರಿಂದ ಡಬ್ಬಿಯ ಹಣ್ಣಿನ ಕ್ಯಾಲರಿ ಎಂದರೆ ಹೆಚ್ಚುಕಡಿಮೆ ಸಕ್ಕರೆಯ ಕ್ಯಾಲರಿ ಎಂದೇ ಅರ್ಥ. ಉದಾಹರಣೆಗೆ ಒಂದು ಅನಾನಸ್ ಡಬ್ಬಿಯ ಮೇಲೆ 100 ಗ್ರಾಂಗೆ ಶರ್ಕರಪಿಷ್ಟ 20 ಗ್ರಾಂ, ಪ್ರೋಟೀನ್ 0.4 ಗ್ರಾಂ, ಕೊಬ್ಬು 0.1 ಗ್ರಾಂ ಎಂದು ನಮೂದಾಗಿದೆ ಎಂದುಕೊಳ್ಳೋಣ. 20ನ್ನು 4ರಿಂದ ಗುಣಿಸಿದರೆ 80, ಪ್ರೋಟೀನಿನಿಂದ 1.6; ಕೊಬ್ಬಿನಿಂದ 0.9. ಒಟ್ಟು 82.5 ಕಿಲೋ ಕ್ಯಾಲರಿ. ಡಬ್ಬಿಯ ಮೇಲಿನ ಶಕ್ತಿಯ ಅಂಕಿ ಇದಕ್ಕೆ ಸಮೀಪವಿದ್ದರೆ ಲೆಕ್ಕ ತಾಳೆಯಾಯಿತು. ನಾರಿನಂಶವನ್ನು ಲೆಕ್ಕ ಹಿಡಿಯುವ ಕ್ರಮದಿಂದ ಅಲ್ಪಸ್ವಲ್ಪ ವ್ಯತ್ಯಾಸ ಬರಬಹುದು.

ತಾಜಾ ಹಣ್ಣಿನ ಜೊತೆ ಹೋಲಿಸಿ ನೋಡುವವರಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೋಷ್ಟಕಗಳು ಆಧಾರ. 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡ ಈ ಸಂಸ್ಥೆ, 2017ರಲ್ಲಿ ದೇಶದ 528 ಆಹಾರ ಪದಾರ್ಥಗಳ ಪೋಷಕಾಂಶಗಳ ಕೋಷ್ಟಕವನ್ನು ಪ್ರಕಟಿಸಿದೆ.

ಡಬ್ಬಿಯ ಮೇಲಿನ ಐದು ಪದಗಳು

ಲೇಬಲ್ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು ಎನ್ನುತ್ತದೆ ನಿಯಮ. ಕನ್ನಡದಲ್ಲಿ ಮುದ್ರಿಸಲು ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಹಾಗಾಗಿ ಕನ್ನಡ ಮಾತ್ರ ಓದಬಲ್ಲ ಗ್ರಾಹಕರು ಐದು ಪದಗಳನ್ನು ಗುರುತಿಟ್ಟುಕೊಳ್ಳುವುದು ಒಳಿತು.

ಮೊದಲನೆಯದು ‘ನೆಟ್ ಕ್ವಾಂಟಿಟಿ’: ಡಬ್ಬಿಯೊಳಗಿನ ಹಣ್ಣು ಮತ್ತು ದ್ರವ ಎರಡೂ ಸೇರಿದ ನಿವ್ವಳ ತೂಕ. ಎರಡನೆಯದು ‘ಡ್ರೈನ್ಡ್ ವೇಟ್’: ದ್ರವವನ್ನು ಬಸಿದ ಬಳಿಕ ಉಳಿಯುವ ಹಣ್ಣಿನ ತೂಕ. ಮೂರನೆಯದು ‘ಟೋಟಲ್ ಶುಗರ್ಸ್’: ಹಣ್ಣಿನ ಸಹಜ ಸಕ್ಕರೆಯೂ ಹೊರಗಿನಿಂದ ಹಾಕಿದ್ದೂ ಸೇರಿದ ಒಟ್ಟು. ನಾಲ್ಕನೆಯದು ‘ಆ್ಯಡೆಡ್ ಶುಗರ್ಸ್’: ಹೊರಗಿನಿಂದ ಸೇರಿಸಿದ ಸಕ್ಕರೆ ಮಾತ್ರ. ಐದನೆಯದು ‘ಪರ್ ಸರ್ವ್’: ಒಂದು ಬಾರಿಗೆ ಬಡಿಸಿಕೊಳ್ಳುವ ಪ್ರಮಾಣವೆಂದು ತಯಾರಕರು ನಿಗದಿಪಡಿಸಿದ್ದು.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಾವಳಿಯಂತೆ ಶಕ್ತಿ, ಪ್ರೋಟೀನ್, ಶರ್ಕರಪಿಷ್ಟ, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಕೊಬ್ಬು, ಸೋಡಿಯಂ ಮುಂತಾದ ವಿವರಗಳನ್ನು ನಮೂದಿಸಬೇಕು. ದ್ರವದಲ್ಲಿ ಮುಳುಗಿಸಿದ ಆಹಾರವಾದರೆ ಬಸಿದ ತೂಕವನ್ನೂ ತಿಳಿಸಬೇಕು. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಮುದ್ರಿಸಬೇಕು. ಪಟ್ಟಿಯಲ್ಲಿ ಹಣ್ಣಿನ ನಂತರ ನೀರು, ನೀರಿನ ನಂತರ ಸಕ್ಕರೆ ಬಂದಿದ್ದರೆ ಒಳಗಿರುವುದು ಸಕ್ಕರೆ ಪಾಕ ಎಂದು ತಿಳಿಯಬೇಕು.

ದ್ರವ ಯಾವುದು?

ಡಬ್ಬಿಯ ಹಣ್ಣಿನ ಜೊತೆಗಿರುವ ದ್ರವ ಮೂರು ಬಗೆಯದು: ನೀರು, ಹಣ್ಣಿನ ರಸ, ಸಕ್ಕರೆ ಪಾಕ. ಪಾಕದ ಸಾಂದ್ರತೆಯನ್ನು ಬ್ರಿಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. 100 ಗ್ರಾಂ ದ್ರವದಲ್ಲಿ ಕರಗಿರುವ ಘನಪದಾರ್ಥ ಎಷ್ಟು ಗ್ರಾಂ ಎಂಬುದೇ ಬ್ರಿಕ್ಸ್. ಹಣ್ಣಿನ ವಿಷಯದಲ್ಲಿ ಇದರ ಬಹುಪಾಲು ಸಕ್ಕರೆ. ಅಂತರರಾಷ್ಟ್ರೀಯ ಆಹಾರ ಮಾನಕ ಸಂಸ್ಥೆಯಾದ ಕೋಡೆಕ್ಸ್ 14 ಬ್ರಿಕ್ಸ್‌ನಿಂದ 18ರ ಒಳಗಿನ ಪಾಕವನ್ನು ‘ಲೈಟ್ ಸಿರಪ್’ ಎಂದೂ, 18ರಿಂದ 22ರ ಒಳಗಿನದನ್ನು ‘ಹೆವಿ ಸಿರಪ್’ ಎಂದೂ, 22 ಮತ್ತು ಅದಕ್ಕೂ ಮೇಲ್ಪಟ್ಟದ್ದನ್ನು ‘ಎಕ್ಸ್‌ಟ್ರಾ ಹೆವಿ ಸಿರಪ್’ ಎಂದೂ ವಿಂಗಡಿಸಿದೆ.

ದ್ರವ ಬದಲಾದರೆ ಕ್ಯಾಲರಿ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕದಲ್ಲಿ ಸ್ಪಷ್ಟ ನಿದರ್ಶನವಿದೆ. ಹಣ್ಣು ಮತ್ತು ದ್ರವ ಸೇರಿ 100 ಗ್ರಾಂ ಡಬ್ಬಿಯ ಪೀಚ್‌ನಲ್ಲಿ, ನೀರಿನದಾದರೆ ಸುಮಾರು 24, ರಸದ್ದಾದರೆ 44, ತೆಳು ಪಾಕದ್ದಾದರೆ 54, ಗಟ್ಟಿ ಪಾಕದ್ದಾದರೆ 74 ಕಿಲೋ ಕ್ಯಾಲರಿ. ಹಣ್ಣು ಒಂದೇ, ಶಕ್ತಿಯಲ್ಲಿ ಮೂರು ಪಟ್ಟು ಅಂತರ.

ಅನಾನಸ್‌ನ ಅಂಕಿಗಳು ಇನ್ನೊಂದು ಎಚ್ಚರಿಕೆಯನ್ನು ನೀಡುತ್ತವೆ. ತಾಜಾ ಅನಾನಸ್ 100 ಗ್ರಾಂಗೆ ಸುಮಾರು 50 ಕಿಲೋ ಕ್ಯಾಲರಿ. ಡಬ್ಬಿಯದ್ದು ನೀರಿನಲ್ಲಿ 32, ತೆಳು ಪಾಕದಲ್ಲಿ 52, ಸ್ವಂತ ರಸದಲ್ಲಿ 60, ಗಟ್ಟಿ ಪಾಕದಲ್ಲಿ 78. ಇಲ್ಲಿ ರಸದ ಡಬ್ಬಿ ತೆಳು ಪಾಕದ ಡಬ್ಬಿಗಿಂತ ಹೆಚ್ಚು ಶಕ್ತಿಯುತ. ‘ರಸದಲ್ಲಿದೆ’ ಎಂದ ಮಾತ್ರಕ್ಕೆ ಕ್ಯಾಲರಿ ಕಡಿಮೆ ಎಂದು ಭಾವಿಸುವಂತಿಲ್ಲ. ಆದರೆ ರಸದ ಡಬ್ಬಿಯಲ್ಲಿ ಹೊರಗಿನ ಸಕ್ಕರೆ ಇಲ್ಲದಿರಬಹುದು. ಹೀಗಾಗಿ ಒಟ್ಟು ಶಕ್ತಿ, ಸೇರಿಸಿದ ಸಕ್ಕರೆ ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು. ನೀರಿನ ಡಬ್ಬಿಯ ಅಂಕಿ ತಾಜಾ ಹಣ್ಣಿಗಿಂತ ಕಡಿಮೆ ಇರುವುದಕ್ಕೂ ಪವಾಡವೇನಿಲ್ಲ; ಹಣ್ಣಿನ ಸಕ್ಕರೆ ನೀರಿಗೆ ಇಳಿದು ಎರಡರ ನಡುವೆ ಹಂಚಿಹೋಗಿರುತ್ತದೆ.

ಬಸಿದ ತೂಕದ ಮರ್ಮ

850 ಗ್ರಾಂ ಡಬ್ಬಿ ಕೊಂಡವರು 850 ಗ್ರಾಂ ಹಣ್ಣು ಕೊಂಡಂತಲ್ಲ. ದ್ರವದಲ್ಲಿ ತುಂಬಿದ ಹಣ್ಣಿನ ಬಸಿದ ತೂಕ ನಿವ್ವಳ ತೂಕದ ಕನಿಷ್ಠ ಶೇ 50ರಷ್ಟಿರಬೇಕು ಎಂಬುದು ದೇಶದ ಆಹಾರ ಗುಣಮಟ್ಟ ನಿಯಮ. ಅಂದರೆ ನಿಯಮದ ಪ್ರಕಾರ ಆ ಡಬ್ಬಿಯಲ್ಲಿ 425 ಗ್ರಾಂ ಹಣ್ಣಿದ್ದರೂ ಸಾಕು. ಎರಡು ಕಂಪನಿಗಳ ಡಬ್ಬಿಗಳನ್ನು ಹೋಲಿಸುವಾಗ ಬೆಲೆಯನ್ನು ನಿವ್ವಳ ತೂಕದಿಂದಲ್ಲ, ಬಸಿದ ತೂಕದಿಂದ ಭಾಗಿಸಿ ನೋಡುವುದು ಸೂಕ್ತ.

ಕ್ಯಾಲರಿಯ ಲೆಕ್ಕಕ್ಕೂ ಇದೇ ತೂಕ ಬೇಕು. ಮೇಲೆ ಹೇಳಿದ, 100 ಗ್ರಾಂಗೆ 82.5 ಕಿಲೋ ಕ್ಯಾಲರಿಯ ಅನಾನಸ್ ಡಬ್ಬಿ 850 ಗ್ರಾಂನದ್ದು, ಬಸಿದ ತೂಕ 450 ಗ್ರಾಂ, ಡಬ್ಬಿಯ ಅಂಕಿ ಹಣ್ಣು–ಪಾಕ ಎರಡಕ್ಕೂ ಸೇರಿದ್ದು ಎಂದು ಇಟ್ಟುಕೊಳ್ಳೋಣ. ಪಾಕಸಹಿತ ಇಡೀ ಡಬ್ಬಿ ಸುಮಾರು 700 ಕಿಲೋ ಕ್ಯಾಲರಿ. ನಾಲ್ವರು ಹಂಚಿಕೊಂಡರೆ ತಲಾ 175. ಪಾಕವನ್ನು ಬಸಿದು ಹೋಳುಗಳನ್ನಷ್ಟೇ ತಿಂದರೆ ಒಟ್ಟು ಸುಮಾರು 370. ತಲಾ 93ರ ಆಸುಪಾಸು. ಒಂದು ಜರಡಿ ಬಳಸಿದರೆ ಅರ್ಧದಷ್ಟು ಕ್ಯಾಲರಿ ಕಡಿಮೆ.

ಆದರೆ ಬಸಿದ ಮಾತ್ರಕ್ಕೆ ಹೋಳು ತಾಜಾ ಹಣ್ಣಿಗೆ ಸಮನಾಗುವುದಿಲ್ಲ. ವಾರಗಟ್ಟಲೆ ಪಾಕದಲ್ಲಿದ್ದ ಹೋಳು ಸಕ್ಕರೆಯನ್ನು ಹೀರಿಕೊಂಡಿರುತ್ತದೆ. ಹೋಳಿನ ಸಿಹಿಯೂ ಪಾಕದ ಸಿಹಿಯೂ ಒಂದು ಸಮಸ್ಥಿತಿಗೆ ಬಂದಿರುತ್ತವೆ. ಬಸಿದ ಹೋಳನ್ನು ನೀರಿನಲ್ಲಿ ತೊಳೆದರೆ ಮೇಲ್ಮೈಯ ಪಾಕ ಹೋಗುತ್ತದೆಯೇ ಹೊರತು ಒಳಗೆ ಇಳಿದ ಸಕ್ಕರೆ ಪೂರ್ತಿ ಹೋಗುವುದಿಲ್ಲ.

ತಿರುಳನ್ನು ಬಸಿಯಲಾಗದು

ಶೀಕರಣೆಗೆ ಬಳಸುವ ಮಾವಿನ ತಿರುಳಿನ ವಿಷಯ ಬೇರೆ. ಇಲ್ಲಿ ಹಣ್ಣೂ ಸಕ್ಕರೆಯೂ ಒಂದಾಗಿರುವುದರಿಂದ ಬಸಿಯುವ ಅವಕಾಶವೇ ಇಲ್ಲ. ಮಾರುಕಟ್ಟೆಯಲ್ಲಿ ಎರಡು ಬಗೆಯ ತಿರುಳು ದೊರೆಯುತ್ತದೆ: ಸಕ್ಕರೆ ಸೇರಿಸದ ಸಹಜ ತಿರುಳು ಹಾಗೂ ಸಕ್ಕರೆ ಸೇರಿಸಿದ ಸಿಹಿ ತಿರುಳು. ಎರಡರ ಡಬ್ಬಿಯ ಮೇಲೂ ಅದೇ ಹಳದಿ ಮಾವಿನ ಚಿತ್ರವಿರುವುದರಿಂದ ಗೊಂದಲ ಸಹಜ. ಪದಾರ್ಥಗಳ ಪಟ್ಟಿಯೊಂದೇ ಇದಕ್ಕೆ ಉತ್ತರ.

ಸಹಜ ಆಪೂಸ್ ತಿರುಳು ಸಾಮಾನ್ಯವಾಗಿ 16 ಬ್ರಿಕ್ಸ್‌ಗೆ ಕಡಿಮೆಯಿಲ್ಲದಂತೆ ಇರುತ್ತದೆ. ಬ್ರಿಕ್ಸ್ ಅಂಕಿಯನ್ನು 4ರಿಂದ ಗುಣಿಸಿದರೆ 100 ಗ್ರಾಂನ ಕ್ಯಾಲರಿ ಸ್ಥೂಲವಾಗಿ ಸಿಗುತ್ತದೆ, ಇಲ್ಲಿ 64. ಸಿಹಿ ತಿರುಳು 22 ಬ್ರಿಕ್ಸ್ ಇದೆ ಎಂದುಕೊಂಡರೆ 88. ಈಗ 850 ಗ್ರಾಂ ಡಬ್ಬಿಯ ಲೆಕ್ಕ ಹಾಕೋಣ. ಸಹಜ ತಿರುಳಿನಲ್ಲಿ ಸಕ್ಕರೆ ಸುಮಾರು 136 ಗ್ರಾಂ, ಸಿಹಿ ತಿರುಳಿನಲ್ಲಿ 187 ಗ್ರಾಂ. ಅಂತರ 51 ಗ್ರಾಂ, ಅಂದರೆ ಹತ್ತು ಚಮಚಕ್ಕೂ ಮಿಕ್ಕಿದ ಸಕ್ಕರೆ. ಇದರ ಅರಿವಿಲ್ಲದೆ ಮನೆಯಲ್ಲಿ ಮತ್ತೆ ಸಕ್ಕರೆಯನ್ನೋ ಬೆಲ್ಲವನ್ನೋ ಬೆರೆಸಿದರೆ ಶೀಕರಣೆ ಎರಡು ಬಾರಿ ಸಿಹಿಗೊಂಡಂತಾಗುತ್ತದೆ. ಸಿಹಿ ತಿರುಳು ತಂದವರು ಹಾಲು, ಏಲಕ್ಕಿ ಬೆರೆಸಿ ಅಷ್ಟಕ್ಕೇ ನಿಲ್ಲಿಸುವುದು ಜಾಣತನ.

ಮಾವಿನ ಪಾನೀಯವನ್ನು ತಿರುಳಿನೊಂದಿಗೆ ಹೋಲಿಸಲೇಬಾರದು. ಕುಡಿಯಲು ಸಿದ್ಧವಾದ ಹಣ್ಣಿನ ಪಾನೀಯದಲ್ಲಿ ಹಣ್ಣಿನ ಅಂಶ ಕನಿಷ್ಠ ಶೇ 10, ನಿಂಬೆಯದಾದರೆ ಶೇ 5 ಇದ್ದರೆ ಸಾಕು. ಕರಗಿದ ಘನಪದಾರ್ಥವೂ ಕನಿಷ್ಠ ಶೇ 10 ಇರಬೇಕು. ಈ ಕನಿಷ್ಠ ಮಟ್ಟದ 200 ಮಿಲಿಲೀಟರ್ ಪೊಟ್ಟಣದಲ್ಲಿ ಹಣ್ಣು ಸುಮಾರು 20 ಗ್ರಾಂ, ಸಕ್ಕರೆಯೂ ಸುಮಾರು 20 ಗ್ರಾಂ. ಆ ಸಕ್ಕರೆಯಲ್ಲಿ ಮಾವಿನಿಂದ ಬಂದದ್ದು ಮೂರು ಗ್ರಾಂನಷ್ಟು, ಉಳಿದದ್ದು ಸೇರಿಸಿದ್ದು. ಹಣ್ಣಿನ ಬದಲಿಗೆ ಮಕ್ಕಳ ಕೈಗೆ ಇಂತಹ ಪೊಟ್ಟಣ ಕೊಡುವ ಪಾಲಕರು ಇದನ್ನು ಗಮನಿಸಬೇಕು.

ಶೇಕಡಾವಾರು ಅಂಕಿಯ ಜಾರುದಾರಿ

ಡಬ್ಬಿಯ ಮೇಲೆ ದಿನದ ಅಗತ್ಯದ ಶೇಕಡಾವಾರು ಅಂಕಿಯೂ ಇರುತ್ತದೆ. ಇದನ್ನು 2,000 ಕಿಲೋ ಕ್ಯಾಲರಿ ಶಕ್ತಿ, 50 ಗ್ರಾಂ ಸೇರಿಸಿದ ಸಕ್ಕರೆ ಎಂಬ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆ. ಗ್ರಾಹಕರು ಜಾರುವುದು ಇಲ್ಲಿಯೇ.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ ಹಣ್ಣಿನ ರಸದ ಸಕ್ಕರೆಯೂ ಸೇರಿದಂತೆ ‘ಮುಕ್ತ ಸಕ್ಕರೆ’ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು. ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಉತ್ತಮ. 2,000 ಕಿಲೋ ಕ್ಯಾಲರಿಯ ಆಹಾರದಲ್ಲಿ ಶೇ 10 ಎಂದರೆ 50 ಗ್ರಾಂ, ಶೇ 5 ಎಂದರೆ 25 ಗ್ರಾಂ. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಸಕ್ಕರೆಯನ್ನು ಶೇ 5ರೊಳಗೆ ಇಡುವಂತೆ ತಿಳಿಸಿದೆ. ಡಬ್ಬಿಯ ಲೆಕ್ಕ ಮಾತ್ರ 50 ಗ್ರಾಂನದ್ದು.

ಒಂದು ಡಬ್ಬಿಯಲ್ಲಿ 100 ಗ್ರಾಂಗೆ 10 ಗ್ರಾಂ ಸೇರಿಸಿದ ಸಕ್ಕರೆ ಇದೆ ಎನ್ನೋಣ. ಒಂದು ಬಾರಿಯ ಪ್ರಮಾಣ 100 ಗ್ರಾಂ ಎಂದಿದ್ದರೆ ಡಬ್ಬಿಯ ಮೇಲೆ ಶೇ 20 ಎಂದು ಕಾಣುತ್ತದೆ. ಮನೆಯ ಬಟ್ಟಲು 150 ಗ್ರಾಂ ಹಿಡಿಯುವುದಾದರೆ ಸಕ್ಕರೆ 15 ಗ್ರಾಂ. 25 ಗ್ರಾಂ ಮಿತಿಯಲ್ಲಿ ಇದು ಶೇ 60. ಶೇ 20 ಎಂದು ಓದಿ ತಿಂದವರು ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಬಟ್ಟಲಿನಲ್ಲಿ ಮುಗಿಸಿರುತ್ತಾರೆ. ಬೆಳಗ್ಗೆ, ಸಂಜೆಯ ಚಹಾದ ಸಕ್ಕರೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

2,000 ಕಿಲೋ ಕ್ಯಾಲರಿ ಎಂಬುದೂ ಎಲ್ಲರಿಗೂ ಹೊಂದುವ ಅಳತೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಕುಳಿತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ 2,110, ಮಧ್ಯಮ ಶ್ರಮದವನಿಗೆ 2,710 ಕಿಲೋ ಕ್ಯಾಲರಿ ಬೇಕು. ಮಹಿಳೆಯರಿಗೆ ಕ್ರಮವಾಗಿ 1,660 ಮತ್ತು 2,130. ಬೇಲೂರಿನಂತಹ ಕೈಗಾರಿಕಾ ಪ್ರದೇಶದಲ್ಲಿ ಒಂದೇ ಛಾವಣಿಯ ಕೆಳಗೆ ಈ ಎಲ್ಲ ಬಗೆಯವರೂ ಇರುತ್ತಾರೆ. 175 ಕಿಲೋ ಕ್ಯಾಲರಿಯ ಅದೇ ಪಾಕಸಹಿತ ಬಟ್ಟಲು ಯಂತ್ರದ ಮುಂದೆ ನಿಂತು ದುಡಿಯುವ ಕಾರ್ಮಿಕನ ದಿನದ ಅಗತ್ಯದಲ್ಲಿ ಶೇ 6.5 ಆದರೆ, ಕಚೇರಿಯಲ್ಲಿ ಗಣಕದ ಮುಂದೆ ಕೂರುವ ಮಹಿಳೆಗೆ ಶೇ 10.5.

ಪೋಷಕಾಂಶ ಎಷ್ಟು ಉಳಿಯುತ್ತದೆ?

ಕ್ಯಾಲರಿ ಎಣಿಸಿದ ಮಾತ್ರಕ್ಕೆ ಆಹಾರದ ಗುಣ ತಿಳಿಯುವುದಿಲ್ಲ. ಹಣ್ಣು ತಿನ್ನುವುದು ಮುಖ್ಯವಾಗಿ ವಿಟಮಿನ್, ಖನಿಜ, ನಾರಿಗಾಗಿ.

ಡಬ್ಬಿಯಲ್ಲಿ ಹೆಚ್ಚು ನಷ್ಟವಾಗುವುದು ವಿಟಮಿನ್ ‘ಸಿ’. ಅದು ಶಾಖಕ್ಕೆ ನಾಶವಾಗುತ್ತದೆ, ನೀರಿನಲ್ಲಿ ಕರಗುತ್ತದೆ. ಅಮೆರಿಕದ ಕೋಷ್ಟಕದಂತೆ 100 ಗ್ರಾಂ ತಾಜಾ ಅನಾನಸ್‌ನಲ್ಲಿ ಸುಮಾರು 48 ಮಿಲಿಗ್ರಾಂ ಇದ್ದರೆ ರಸದ ಡಬ್ಬಿಯಲ್ಲಿ 9.5, ಗಟ್ಟಿ ಪಾಕದ ಡಬ್ಬಿಯಲ್ಲಿ 7.4 ಮಿಲಿಗ್ರಾಂ. ಉಳಿದದ್ದರಲ್ಲಿಯೂ ಒಂದು ಭಾಗ ದ್ರವದಲ್ಲಿರುತ್ತದೆ. ಪಾಕ ಚೆಲ್ಲಿದರೆ ಅದೂ ಹೋಯಿತು. ಆದರೂ ಸಕ್ಕರೆಯ ಪ್ರಮಾಣ ನೋಡಿದರೆ ಚೆಲ್ಲುವುದೇ ಲಾಭ. ಪ್ರೋಟೀನನ್ನು ಒಡೆಯುವ ಅನಾನಸ್‌ನ ಬ್ರೊಮೆಲಿನ್ ಕಿಣ್ವವೂ ಶಾಖದಿಂದ ನಿಷ್ಕ್ರಿಯವಾಗುತ್ತದೆ.

ಮಾವಿನ ಹಳದಿ ಬಣ್ಣಕ್ಕೆ ಕಾರಣವಾದ ಬೀಟಾ ಕೆರೋಟಿನ್ ಶಾಖವನ್ನು ಸಾಕಷ್ಟು ತಾಳಿಕೊಳ್ಳುತ್ತದೆ. ದೇಹವು ಇದನ್ನು ವಿಟಮಿನ್ ‘ಎ’ ಆಗಿ ಪರಿವರ್ತಿಸಿಕೊಳ್ಳುತ್ತದೆ. ಪೊಟ್ಯಾಸಿಯಂನಂತಹ ಖನಿಜಗಳು ಶಾಖದಿಂದ ನಾಶವಾಗುವುದಿಲ್ಲ. ಹೋಳುಗಳಲ್ಲಿ ನಾರಿನಂಶ ಬಹುಮಟ್ಟಿಗೆ ಉಳಿಯುತ್ತದೆ. ಸಿಪ್ಪೆಯ ನಾರು ಮಾತ್ರ ಹೋಗಿರುತ್ತದೆ. ತಿರುಳನ್ನು ಸೋಸುವಾಗ ಇನ್ನಷ್ಟು ನಾರು ಕಳೆದುಹೋಗುತ್ತದೆ. ನಾರು ಕಡಿಮೆಯಾದಷ್ಟೂ ಸಕ್ಕರೆ ಬೇಗ ರಕ್ತಕ್ಕೆ ಸೇರುತ್ತದೆ. ಹೊಟ್ಟೆ ತುಂಬಿದ ಅನುಭವವೂ ಕಡಿಮೆ.

ಈ ದೃಷ್ಟಿಯಿಂದ ನೋಡಿದರೆ ಅವಳಿ ನಗರದವರ ಬಾಗಿಲಿಗೇ ಬರುವ ಪೇರಲಕ್ಕೆ ಸಾಟಿಯಿಲ್ಲ. 100 ಗ್ರಾಂ ಪೇರಲದಲ್ಲಿ ವಿಟಮಿನ್ ‘ಸಿ’ 200 ಮಿಲಿಗ್ರಾಂ ಮೀರಿದ್ದು, ನಾರು ಐದು ಗ್ರಾಂಗಿಂತ ಹೆಚ್ಚು. ವಯಸ್ಕ ಪುರುಷನಿಗೆ ದಿನಕ್ಕೆ ಶಿಫಾರಸು ಮಾಡಿರುವ ವಿಟಮಿನ್ ‘ಸಿ’ 80 ಮಿಲಿಗ್ರಾಂ, ಮಹಿಳೆಗೆ 65. ಮಧ್ಯಮ ಗಾತ್ರದ ಒಂದು ಪೇರಲ ಈ ಅಗತ್ಯವನ್ನು ಪೂರೈಸಬಲ್ಲದು. ಋತುವಿನ ಹಣ್ಣು ಸಿಗುವಾಗ ಡಬ್ಬಿ ತೆರೆಯುವ ಅಗತ್ಯವೇ ಬೀಳದು.

ಮಧುಮೇಹಿಗಳಿಗೆ ವಿಶೇಷ ಎಚ್ಚರಿಕೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ವಯಸ್ಕರಲ್ಲಿ ಇದರ ಪ್ರಮಾಣ ಶೇ 11.4. ಇನ್ನೂ 13.6 ಕೋಟಿ ಮಂದಿ ಮಧುಮೇಹದ ಹೊಸ್ತಿಲಲ್ಲಿದ್ದಾರೆ. ಇವರಿಗೆ ಡಬ್ಬಿಯ ಹಣ್ಣಿನ ಲೆಕ್ಕ ಬರೀ ತೂಕ ಇಳಿಸುವ ವಿಷಯವಲ್ಲ. ಊಟದಲ್ಲಿ ಎಷ್ಟು ಗ್ರಾಂ ಶರ್ಕರಪಿಷ್ಟವಿದೆ ಎಂಬುದರ ಮೇಲೆ ಇನ್ಸುಲಿನ್ ಪ್ರಮಾಣ ನಿರ್ಧರಿಸುವವರಿಗೆ ಪಾಕಸಹಿತ ಮತ್ತು ಪಾಕರಹಿತ ಬಟ್ಟಲಿನ ನಡುವಿನ ಅಂತರ ಗಂಭೀರ ಪರಿಣಾಮ ಬೀರಬಲ್ಲದು. ಅವರು ಕ್ಯಾಲರಿಗಿಂತ ಮೊದಲು ‘ಕಾರ್ಬೋಹೈಡ್ರೇಟ್’ ಸಾಲನ್ನು ಓದಿ, ತಿನ್ನುವ ಪ್ರಮಾಣವನ್ನು ವೈದ್ಯರು ಅಥವಾ ಆಹಾರ ತಜ್ಞರೊಡನೆ ಚರ್ಚಿಸಿ ನಿರ್ಧರಿಸಬೇಕು.

‘ಸಕ್ಕರೆ ಸೇರಿಸಿಲ್ಲ’ ಎಂಬ ಘೋಷಣೆಯನ್ನು ‘ಸಕ್ಕರೆಯೇ ಇಲ್ಲ’ ಎಂದು ಓದಿಕೊಳ್ಳುವ ಅಪಾಯವೂ ಇದೆ. 2018ರ ಜಾಹೀರಾತು ಮತ್ತು ಘೋಷಣೆಗಳ ನಿಯಮಾವಳಿಯಂತೆ ‘ಶುಗರ್ ಫ್ರೀ’ ಎನ್ನಲು 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರಬಾರದು. ‘ನೋ ಆ್ಯಡೆಡ್ ಶುಗರ್’ ಎನ್ನಲು ಸಕ್ಕರೆಯನ್ನಾಗಲೀ ಅದರ ಬದಲಿಗೆ ಸಾಂದ್ರೀಕೃತ ಹಣ್ಣಿನ ರಸದಂತಹ ಪದಾರ್ಥವನ್ನಾಗಲೀ ಸೇರಿಸಿರಬಾರದು. ಆದರೆ ಹಣ್ಣಿನ ಸಹಜ ಸಕ್ಕರೆ ಅದರಲ್ಲಿ ಇದ್ದೇ ಇರುತ್ತದೆ. ಸಹಜ ಆಪೂಸ್ ತಿರುಳಿನಲ್ಲಿ 100 ಗ್ರಾಂಗೆ 16 ಗ್ರಾಂನಷ್ಟು ಸಕ್ಕರೆ ಇರುವುದನ್ನು ಮರೆಯುವಂತಿಲ್ಲ. ಸಾಂದ್ರೀಕೃತ ರಸಕ್ಕೆ ನೀರು ಬೆರೆಸಿ ತಯಾರಿಸಿದ ಪೇಯಗಳ ಮೇಲಿನ ‘ಶೇ 100 ಹಣ್ಣಿನ ರಸ’ ಎಂಬ ಘೋಷಣೆಯನ್ನು ತೆಗೆದುಹಾಕುವಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಜೂನ್‌ನಲ್ಲಿ ತಯಾರಕರಿಗೆ ಸೂಚಿಸಿತ್ತು.

ಡಬ್ಬಿ ತೆರೆಯುವ ಮುನ್ನ, ತೆರೆದ ನಂತರ

ಉಬ್ಬಿದ, ಸೋರುವ, ಅಂಚಿನಲ್ಲಿ ನೆಗ್ಗಿದ, ತುಕ್ಕು ಹಿಡಿದ ಡಬ್ಬಿಯನ್ನು ಕೊಳ್ಳಬಾರದು. ಮನೆಯಲ್ಲಿರುವ ಡಬ್ಬಿ ಉಬ್ಬಿದ್ದರೆ ರುಚಿ ನೋಡುವ ಸಾಹಸಕ್ಕೂ ಹೋಗದೆ ಬಿಸಾಡಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ, ತಯಾರಿಸಿದ ದಿನ, ಬಳಕೆಯ ಅವಧಿ ಇವುಗಳನ್ನು ಪರಿಶೀಲಿಸಬೇಕು.

ತೆರೆದ ಬಳಿಕ ಉಳಿದ ಹಣ್ಣನ್ನು ಡಬ್ಬಿಯಲ್ಲಿಯೇ ಇಡುವುದು ಹಲವು ಮನೆಗಳ ರೂಢಿ. ಇದು ಸರಿಯಲ್ಲ. ಗಾಳಿ ಸೇರಿದ ನಂತರ ಹಣ್ಣಿನ ಹುಳಿಗೆ ಡಬ್ಬಿಯ ಒಳಮೈಯ ತವರ ಬೇಗ ಕರಗತೊಡಗುತ್ತದೆ. ಉಳಿದದ್ದನ್ನು ಗಾಜಿನ ಅಥವಾ ಸ್ಟೀಲ್ ಪಾತ್ರೆಗೆ ಸುರಿದು, ಮುಚ್ಚಿ, ಫ್ರಿಜ್‌ನಲ್ಲಿರಿಸಿ ಎರಡು–ಮೂರು ದಿನಗಳಲ್ಲಿ ಮುಗಿಸಬೇಕು.

ಅಂಗಡಿಯಲ್ಲಿ ನಿಂತು ಮಾಡಬಹುದಾದ ಲೆಕ್ಕ

ಇಷ್ಟನ್ನು ಸಂಕ್ಷೇಪಿಸಿದರೆ ಡಬ್ಬಿಯ ಹಣ್ಣಿನ ಪರೀಕ್ಷೆ ನಾಲ್ಕು ಹೆಜ್ಜೆಗಳದು.

ಒಂದು: ಪದಾರ್ಥಗಳ ಪಟ್ಟಿ ನೋಡಿ ದ್ರವ ಯಾವುದೆಂದು ತಿಳಿಯುವುದು. ನೀರು ಅಥವಾ ಸ್ವಂತ ರಸದ್ದಕ್ಕೆ ಮೊದಲ ಆದ್ಯತೆ, ತೆಳು ಪಾಕಕ್ಕೆ ನಂತರದ್ದು, ಗಟ್ಟಿ ಪಾಕಕ್ಕೆ ಕೊನೆಯದು.

ಎರಡು: 100 ಗ್ರಾಂನ ಅಂಕಿಯನ್ನೇ ಹಿಡಿದು ಎರಡು ಡಬ್ಬಿಗಳನ್ನು ಹೋಲಿಸುವುದು. ‘ಪರ್ ಸರ್ವ್’ ಪ್ರಮಾಣ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಅದರ ಆಧಾರದ ಹೋಲಿಕೆ ದಾರಿ ತಪ್ಪಿಸುತ್ತದೆ.

ಮೂರು: ಮನೆಯ ಬಟ್ಟಲನ್ನು ಒಮ್ಮೆ ತೂಗಿ ನೋಡುವುದು. ಎಷ್ಟು ಗ್ರಾಂ ಹಿಡಿಯುತ್ತದೆಂದು ತಿಳಿದರೆ ಆ ತೂಕವನ್ನು 100 ಗ್ರಾಂನ ಕ್ಯಾಲರಿಯಿಂದ ಗುಣಿಸಿ 100ರಿಂದ ಭಾಗಿಸಿದರಾಯಿತು.

ನಾಲ್ಕು: ಸೇರಿಸಿದ ಸಕ್ಕರೆಯನ್ನು 50ರ ಬದಲು 25 ಗ್ರಾಂನೊಂದಿಗೆ ಹೋಲಿಸುವುದು. ಡಬ್ಬಿಯ ಮೇಲಿನ ಶೇಕಡಾ ಅಂಕಿಯನ್ನು ಇಮ್ಮಡಿಗೊಳಿಸಿದರೆ ಈ ಲೆಕ್ಕ ತಾನಾಗಿ ಸಿಗುತ್ತದೆ.

ಹಣ್ಣುಗಳ ಸಂರಕ್ಷಣೆಯ ವಿಜ್ಞಾನಕ್ಕೆ ಕರ್ನಾಟಕ ಹೊಸದಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ 1950ರಿಂದ ಈ ಕಾರ್ಯದಲ್ಲಿ ತೊಡಗಿದೆ. 1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಆಹಾರ ಮತ್ತು ಪೋಷಣೆಯ ಅಧ್ಯಯನ ನಡೆಯುತ್ತಿದೆ. ಡಬ್ಬಿಯೊಳಗೆ ಹಣ್ಣನ್ನು ಸುರಕ್ಷಿತವಾಗಿಡುವ ವಿದ್ಯೆ ಸಿದ್ಧಿಸಿ ಎರಡು ಶತಮಾನಗಳೇ ಕಳೆದಿವೆ. ಅದರ ಮೇಲಿನ ಬರಹವನ್ನು ಓದುವ ವಿದ್ಯೆ ಮನೆಮನೆಗೂ ತಲುಪಬೇಕಾಗಿದೆ. ಬೇಸಿಗೆಯಲ್ಲಿ ತಾಜಾ ಆಪೂಸ್, ಅದರ ಕಾಲದಲ್ಲಿ ನವಲೂರಿನ ಪೇರಲ, ಎರಡೂ ಸಿಗದ ದಿನಗಳಲ್ಲಿ ಅಳೆದು ಬಡಿಸಿದ ಡಬ್ಬಿಯ ಹಣ್ಣು: ಈ ಕ್ರಮವನ್ನು ಪಾಲಿಸಿದರೆ ಶೀಕರಣೆಯ ಸವಿಗೂ ಕೊರತೆಯಿಲ್ಲ, ಆರೋಗ್ಯಕ್ಕೂ ಧಕ್ಕೆಯಿಲ್ಲ.